ಅಪ್ಪ ಹುಡುಕಿದ ಬಳೆಯ ಸಪ್ಪಳ

ಹೋದ ತಿಂಗಳು ಕೊಪ್ಪಳದ ಬಸ್‌ ನಿಲ್ದಾಣದ ಎದುರಿನ ಮೊಬೈಲ್‌ ರಿಪೇರಿ ಅಂಗಡಿಯೊಂದರಲ್ಲಿ ನಿಂತಿದ್ದೆ. ಒಳಗೆ ತಲೆ ಬಗ್ಗಿಸಿ ಕೂತಿದ್ದವನು ಬೆಸುಗೆಯ ಕಾದ ಕಡ್ಡಿಯನ್ನು ಡಬ್ಬಿಯಲ್ಲಿದ್ದ ರಾಳಕ್ಕೆ ಮುಟ್ಟಿಸಿದ. ಚುರ್ರೆಂದು ಸಣ್ಣ ಸಪ್ಪಳ, ಆಮೇಲೆ ದಾರದಷ್ಟು ತೆಳ್ಳಗಿನ ಹೊಗೆ. ಅದು ಗಾಜಿನ ಕಪಾಟಿನ ಮೇಲೆ ಹಾದು ನನ್ನ ಮೂಗಿಗೆ ಬಂತು. ಮೊದಲು ಲೋಬಾನದಂಥ ಸಿಹಿ, ಅದರ ಬೆನ್ನಿಗೇ ಏನೋ ಸುಟ್ಟ ಒಗರು. ಕೆಟ್ಟ ರೇಡಿಯೋವನ್ನು ಎಸೆಯದೆ ಬಟ್ಟೆಯಲ್ಲಿ ಸುತ್ತಿಕೊಂಡು ರಿಪೇರಿಗೆ ಒಯ್ಯುತ್ತಿದ್ದ ಕಾಲದವರಾಗಿದ್ದರೆ ಈ ವಾಸನೆಯನ್ನು ನೀವೂ ಬಲ್ಲಿರಿ. ಅಂಗಡಿಯವನು "ಆತ್ರಿ ಮೇಡಂ, ತಗೋರಿ" ಅಂದದ್ದು ಎರಡನೆಯ ಸಲ ಹೇಳಿದಾಗಲೇ ನನ್ನ ಗಮನಕ್ಕೆ ಬಂತು. ಅಷ್ಟರಲ್ಲಿ ನಾನು ಗಂಗಾವತಿಯ ನಮ್ಮ ಮನೆಯ ಪಡಸಾಲೆಗೆ ಹೋಗಿ ಬಂದಿದ್ದೆ. ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಟ್ರ್ಯಾಕ್ಟರ್‌ ಬಿಡಿಭಾಗಗಳ ಅಂಗಡಿ ಬಂದು ಬಹಳ ವರ್ಷವಾಯಿತು.

ಒಂದರ ಹಿಂದೆ ಒಂದು ಪೋಣಿಸಿದಂಥ ಕೋಣೆಗಳ ಮನೆ ಅದು. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅಡುಗೆಮನೆ, ಕೊನೆಗೆ ಬಚ್ಚಲು ಮತ್ತು ಒಂದು ಚೂರು ಹಿತ್ತಲು. ಸುತ್ತಲೂ ಅಕ್ಕಿ ಗಿರಣಿಗಳು. ಸುಗ್ಗಿಯಲ್ಲಿ ಗಿರಣಿಗಳ ಚಿಮಣಿಯಿಂದ ಹೊಟ್ಟಿನ ಕರಿಬೂದಿ ಹಾರಿ ಬಂದು ಒಣಹಾಕಿದ ಬಟ್ಟೆಗಳ ಮೇಲೆ ಕೂರುತ್ತಿತ್ತು. ನನ್ನ ಶಾಲೆಯ ಬಿಳಿ ಅಂಗಿಯನ್ನು ಅವ್ವ ನಡುಮನೆಯಲ್ಲೇ ಹಗ್ಗ ಕಟ್ಟಿ ಒಣಗಿಸುತ್ತಿದ್ದಳು. ಮನೆಯಲ್ಲಿ ನಾವು ಮೂವರೇ. ಅಪ್ಪ, ಅವ್ವ ಇಬ್ಬರೂ ಕುಷ್ಟಗಿ ಕಡೆಯ ಒಣಭೂಮಿಯವರು. ಗಂಗಾವತಿಯ ಕಾಲುವೆ ನೀರು, ಹಸಿರು ಗದ್ದೆಗಳ ನಡುವೆ ಬಂದು ನೆಲೆಸಿದರೂ ರೊಟ್ಟಿಯಿಲ್ಲದ ಊಟ ಅವರಿಗೆ ಊಟವಾಗಲೇ ಇಲ್ಲ. ಅಪ್ಪ ಒಂದು ಗಿರಣಿಯಲ್ಲಿ ಫಿಟ್ಟರ್‌ ಆಗಿದ್ದರು. ಹೆಸರು ಶೇಖರಪ್ಪ. ಊರಿನ ಗಿರಣಿಗಳಲ್ಲೆಲ್ಲ ಅವರ ಕಿವಿ ದೊಡ್ಡ ಹೆಸರು ಮಾಡಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಯಂತ್ರಕ್ಕೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರಂತೆ. "ಎಡಗಡಿ ಬೇರಿಂಗ್‌ ಹೋಗಾಕತ್ತೈತಿ, ಇನ್ನೊಂದು ವಾರ ತಡೀತೈತಿ, ಅಷ್ಟ" ಎಂದರೆ, ಬಿಚ್ಚಿ ನೋಡಿದಾಗ ಹಾಗೆಯೇ ಇರುತ್ತಿತ್ತು. ಓದಿದ್ದು ಏಳನೆಯ ಇಯತ್ತೆ. ಬೇರೆ ಗಿರಣಿಯವರು ಸ್ಕೂಟರ್‌ ಕಳಿಸಿ ಕರೆಸಿಕೊಳ್ಳುತ್ತಿದ್ದದ್ದು ಆ ಕಿವಿಯನ್ನು.

ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಗಿರಣಿಯ ಮಾಲೀಕರ ಮನೆಗೆ ಹೊಸ ಟೇಪ್‌ರೆಕಾರ್ಡರ್‌ ಬಂತು, ಹಳೆಯ ರೆಕಾರ್ಡ್‌ ಪ್ಲೇಯರ್‌ ಮೂಲೆಗೆ ಬಿತ್ತು. ಅಪ್ಪ ಅದನ್ನೂ, ಒಂದು ಗೋಣಿಚೀಲದಲ್ಲಿ ತುಂಬಿಟ್ಟಿದ್ದ ರೆಕಾರ್ಡುಗಳನ್ನೂ ಕೇಳಿ ತಂದರು. ಬಜಾರಿನಲ್ಲಿ ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದ ಖಾಜಾಸಾಬ್‌ ಅಪ್ಪನ ಗೆಳೆಯ. ತೆಳ್ಳಗೆ, ಎತ್ತರಕ್ಕೆ, ಸದಾ ಕಿವಿಯ ಮೇಲೊಂದು ಪೆನ್ಸಿಲ್‌ ಸಿಕ್ಕಿಸಿಕೊಂಡಿರುತ್ತಿದ್ದ ಮನುಷ್ಯ. ಅವರು ಪಡಸಾಲೆಯ ನೆಲದ ಮೇಲೆ ಕೂತು ರಾಳದ ಹೊಗೆಯ ನಡುವೆ ನಾಲ್ಕು ಭಾನುವಾರ ಬೆಸುಗೆ ಹಾಕಿ ಆಂಪ್ಲಿಫೈಯರ್‌ ಕಟ್ಟಿಕೊಟ್ಟರು. ಅಪ್ಪ ಹಲಗೆ ಕೊಯ್ದು ನನ್ನೆತ್ತರದ ಒಂದು ಪೆಟ್ಟಿಗೆ ಮಾಡಿದರು. ಅದರಲ್ಲಿ ದಪ್ಪ ದನಿಗೆ ತಾಟಿನಷ್ಟು ದೊಡ್ಡ ಸ್ಪೀಕರ್‌, ಸಣ್ಣ ದನಿಗೆ ಅಂಗೈಯಷ್ಟು ಚಿಕ್ಕ ಸ್ಪೀಕರ್‌. ಒಳಗೆ ಹಳೆಯ ತಲೆದಿಂಬಿನ ಅರಳೆ. ಐದನೆಯ ಭಾನುವಾರ ಬೆಳಿಗ್ಗೆ ಮೊದಲ ಸಲ ಹಚ್ಚಿದ್ದು ಯಾವುದೋ ಹಳೆಯ ನಾಟಕದ ಹಾಡು. ಒಬ್ಬ ಹೆಂಗಸಿನ ದನಿ, ಜೊತೆಗೆ ಹಾರ್ಮೋನಿಯಂ ಪೇಟಿ, ತಬಲಾ, ತಾಳ. ಎರಡನೆಯ ನುಡಿಯ ಹೊತ್ತಿಗೆ ಅಪ್ಪ ಥಟ್ಟನೆ ಕೈ ಎತ್ತಿದರು. "ಕೇಳಿದ್ರೇನು? ಹಾಡೋಕಿ ಕೈಯಾಗಿನ ಬಳಿ ಪೇಟಿಗೆ ಬಡೀತು!" ಪ್ಲೇಯರಿನ ಮುಳ್ಳನ್ನು ಎತ್ತಿ ಮತ್ತೆ ಅಲ್ಲಿಗೇ ಇಟ್ಟರು. ನಿಜ. ಹಾಡಿನ ಹಿಂದೆ, ಎಲ್ಲೋ ಆಳದಲ್ಲಿ, ಗಾಜಿನ ಬಳೆ ಕಟ್ಟಿಗೆಗೆ ತಾಗಿದ ಒಂದು ಟಿಣ್‌. ಎಂದೋ ಯಾವುದೋ ಕೋಣೆಯಲ್ಲಿ ಕೂತು ಹಾಡಿದ, ನಾವು ಮುಖ ನೋಡಿರದ ಹೆಂಗಸೊಬ್ಬಳು ನಮ್ಮ ಪಡಸಾಲೆಗೆ ಬಂದು ಕೂತಂತಾಯಿತು. ಅಪ್ಪ ಅಷ್ಟು ಸಂತೋಷಪಟ್ಟದ್ದನ್ನು ನಾನು ಮತ್ತೆ ಕಂಡಿಲ್ಲ.

ಕಷ್ಟ ಶುರುವಾದದ್ದೂ ಅಲ್ಲಿಂದಲೇ. ಅಷ್ಟು ಕೇಳಿಸಿತೆಂದರೆ ಇನ್ನೂ ಕೇಳಿಸಬೇಕು ಎಂಬುದು ಅಪ್ಪನ ಲೆಕ್ಕ. ಭಾನುವಾರದ ಬೆಳಗು ಪೂರ್ತಿ ಆ ಪೆಟ್ಟಿಗೆಗೆ ಮೀಸಲಾಯಿತು. ಲಾರಿ ಹೋದರೆ ಮುಳ್ಳು ನಡುಗುತ್ತದೆಂದು ಪ್ಲೇಯರಿನ ಕೆಳಗೆ ಸವೆದ ಚಪ್ಪಲಿಯ ರಬ್ಬರು ಬಂತು. ದನಿ ಗೋಡೆಗೆ ಬಡಿದು ಮರಳುತ್ತದೆಂದು ಗೋಡೆಗೆ ಕಂಬಳಿ ಬಂತು. ಕುರ್ಚಿ ಎಲ್ಲಿರಬೇಕೆಂದು ನೆಲದ ಮೇಲೆ ಸುಣ್ಣದ ಗೆರೆ ಎಳೆದರು. ಹಾಡು ಹಚ್ಚಿದಾಗ ಫ್ಯಾನು ತಿರುಗುವಂತಿಲ್ಲ, ಅವ್ವ ರೊಟ್ಟಿ ಬಡಿಯುವಂತಿಲ್ಲ, ನಾನು ಕೆಮ್ಮುವಂತಿಲ್ಲ. ಬೇಸಿಗೆಯಲ್ಲಿ ಬೆವರು ಬೆನ್ನಿಗಿಳಿಯುತ್ತ ಕೂತಿರುತ್ತಿದ್ದೆವು. ಅಷ್ಟಾದರೂ ಹಾಡು ಪೂರ್ತಿ ಆಗುತ್ತಿರಲಿಲ್ಲ. ನಡುವೆ ಏನೋ ಕೊರತೆ ಕಂಡು ಮುಳ್ಳು ಎತ್ತಿಬಿಡುತ್ತಿದ್ದರು. ಅವ್ವನ ಬಳಿ ತವರಿನಿಂದ ತಂದ ಒಂದು ಪುಟ್ಟ ರೇಡಿಯೋ ಇತ್ತು. ಅದರ ಸ್ಪೀಕರಿನ ಕಾಗದ ಹರಿದು, ದನಿ ಏರಿದಾಗಲೆಲ್ಲ ಜೇನುಹುಳ ಹೊಕ್ಕಂತೆ ಗುಂಯ್‌ಗುಡುತ್ತಿತ್ತು. ಅಪ್ಪ ಅದನ್ನು ಸರಿಮಾಡಿ ಕೊಡುತ್ತೇನೆಂದು ಎಷ್ಟೋ ಸಲ ಕೇಳಿದರು. "ಅದಕ್ಕ ಕೈ ಹಚ್ಚಬ್ಯಾಡ್ರಿ. ನನಗ ಅದು ಹಂಗ ಛಲೋ" ಎಂದು ಅವ್ವ ಅದನ್ನು ಉಪ್ಪಿನ ಡಬ್ಬಿಯ ಹಿಂದೆ ಇಟ್ಟುಕೊಂಡಳು. ಒಗ್ಗರಣೆಯ ಚಟಪಟ, ಕೊಡದ ಸಪ್ಪಳ, ಗುಂಯ್‌ ಎಲ್ಲವೂ ಸೇರಿದ ಹಾಡಿಗೆ ಅವಳು ದನಿಗೂಡಿಸುತ್ತಿದ್ದಳು. "ಅದೂ ಒಂದು ಕೇಳೋದೇನು?" ಎಂದು ಅಪ್ಪ ಮುಖ ತಿರುಗಿಸುತ್ತಿದ್ದರು. ನಾನು ಅಪ್ಪನ ಪಕ್ಷ. ಅವ್ವನಿಗೆ ತಿಳಿಯುವುದಿಲ್ಲ ಎಂದುಕೊಂಡಿದ್ದೆ.

ಎರಡು ಮೂರು ವರ್ಷ ಕಳೆದ ಮೇಲೆ ಒಂದು ದಿನ ಅಪ್ಪ ಆ ಬಳೆಯ ಸಪ್ಪಳ ಹೋಯಿತೆಂದರು. ಅದೇ ರೆಕಾರ್ಡು, ಅದೇ ನುಡಿ, ಮತ್ತೆ ಮತ್ತೆ ಹಚ್ಚಿದರು. "ಇಲ್ಲ. ಬರವಲ್ದು." ನನಗೆ ಸ್ಪಷ್ಟವಾಗಿ ಕೇಳಿಸಿತ್ತು. "ಬಂತಲ್ಲಪ್ಪಾ, ಈಗ" ಅಂದೆ. ಅವರು ನನ್ನ ಕಡೆ ತಿರುಗಿದರು. "ನನ್ನ ಸಮಾಧಾನಕ್ಕಂತ ಸುಳ್ಳ ಹೇಳಬ್ಯಾಡ. ಕೇಳಿಸದಿದ್ರ ಕೇಳಿಸಲಿಲ್ಲ ಅನ್ನಬೇಕು." ಆಮೇಲೆ ನಾನು ಹೇಳುವುದನ್ನು ಬಿಟ್ಟೆ. ಅವರು ಮುಳ್ಳು ಬದಲಿಸಿದರು, ತಂತಿ ಬದಲಿಸಿದರು, ಅರಳೆ ತೆಗೆದು ಉಣ್ಣೆ ತುಂಬಿದರು. ಸಣ್ಣ ದನಿಯ ತಿರುಪನ್ನು ಒಂದೊಂದೇ ಕೂದಲೆಳೆ ಏರಿಸುತ್ತ ಹೋಗಿ ಅದರ ಕೊನೆಯ ಗುರುತಿಗೇ ಮುಟ್ಟಿಸಿದರು. ಹಾಡಿನಲ್ಲಿ 'ಸ' ಬಂದಲ್ಲೆಲ್ಲ ಬ್ಲೇಡಿನಿಂದ ಗೀರಿದ ಹಾಗಾಗುತ್ತಿತ್ತು. ತಾಳ ಬಿದ್ದಾಗ ಹಲ್ಲು ಜುಮ್ಮೆನ್ನುತ್ತಿತ್ತು. ಅವ್ವ ಸೆರಗಿನ ಮರೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಭಾನುವಾರ ಮಧ್ಯಾಹ್ನಕ್ಕೆ ನನಗೆ ತಲೆನೋವು ಖಾಯಂ ಆಯಿತು. ಅಪ್ಪ ಮಾತ್ರ ಸುಣ್ಣದ ಗೆರೆಯ ಮೇಲಿನ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತು, ಆ ಹೆಂಗಸಿನ ಕೈಯನ್ನೇ ಹುಡುಕುತ್ತಿದ್ದರು.

ದೀಪಾವಳಿಯ ಹಿಂದಿನ ಭಾನುವಾರ ಅವರು ಖಾಜಾಸಾಬರನ್ನು ಕರೆಸಿದರು. ನನಗಾಗ ಹನ್ನೊಂದು ವರ್ಷ. ಗೋಡೆಗೆ ಒರಗಿ ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದೆ. ಹಾಡು ಶುರುವಾಗುತ್ತಲೇ ಖಾಜಾಸಾಬ್‌ ಕಣ್ಣು ಕಿರಿದು ಮಾಡಿದರು. ತಿರುಪು ಎಷ್ಟಕ್ಕೇರಿದೆಯೆಂದು ನೋಡಿದರು, ಅಪ್ಪನ ಮುಖ ನೋಡಿದರು. "ನೀ ಅಲ್ಲೇ ಕೂಡು ಶೇಖರಪ್ಪ, ಹಿಂದ ಒಂದು ತಂತಿ ನೋಡ್ತೀನಿ" ಎಂದು ಪೆಟ್ಟಿಗೆಯ ಹಿಂದೆ ಹೋದರು. ನಾನಿದ್ದಲ್ಲಿಂದ ಅವರ ಕೈ ಕಾಣುತ್ತಿತ್ತು. ಅವರು ಸಣ್ಣ ಸ್ಪೀಕರಿನ ತಂತಿಯನ್ನೇ ಎಳೆದು ಬಿಡಿಸಿದರು. ಹಾಡಿನ ಮೇಲೆ ಯಾರೋ ದಪ್ಪನೆಯ ಕೌದಿ ಹೊದಿಸಿದಂತೆ ಆಯಿತು. ಗೀರುವ ದನಿಯೆಲ್ಲ ಒಮ್ಮೆಗೇ ನಿಂತು ಹೋಯಿತು.

"ಏನರ ಫರಕ ಆತೇನು?"

"ಏನಿಲ್ಲ. ಹಂಗ ಐತಿ" ಎಂದರು ಅಪ್ಪ. ಅವರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು.

ಖಾಜಾಸಾಬ್‌ ತಂತಿಯನ್ನು ಮತ್ತೆ ಸೇರಿಸಿದರು. ಬ್ಲೇಡು ಮರಳಿ ಬಂತು. "ಈಗ?"

"ಇಲ್ಲೋ ಮಾರಾಯಾ. ಏನ್‌ ಮಾಡಾಕತ್ತಿ ನೀ ಅಲ್ಲಿ?"

ಖಾಜಾಸಾಬ್‌ ನನ್ನ ಕಡೆ ನೋಡಿದರು. ತಂತಿಯನ್ನು ಇನ್ನೊಮ್ಮೆ ಬಿಡಿಸಿ, ತುದಿಗೆ ಕರಿಯ ಟೇಪು ಸುತ್ತಿ, ಹಲಗೆ ಮುಚ್ಚಿ ಸ್ಕ್ರೂ ಬಿಗಿದರು. "ಲೂಸ್‌ ಇತ್ತು, ಬಿಗಿ ಮಾಡೀನಿ" ಎಂದರು. ಚಹಾ ಕುಡಿದು ಹೊರಟವರು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುವ ನೆಪದಲ್ಲಿ ನನ್ನ ಹತ್ತಿರ ಬಾಗಿದರು. "ಬೇಟಿ, ನೀ ನೋಡಿದಿ. ಯಾರ ಮುಂದೂ ಹೇಳಬ್ಯಾಡ. ಗಿರಣ್ಯಾಗ ನಿಮ್ಮಪ್ಪನ ಕೆಲಸ ಅದ ಕಿವಿ ಮ್ಯಾಲೆ ನಿಂತೈತಿ." ಅವರ ಕಣ್ಣು ಒದ್ದೆಯಾಗಿತ್ತು ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಅದು ನನಗೆ ನೆನಪಿಲ್ಲ. ಅವರು ಹೆಬ್ಬೆರಳಿನಿಂದ ಬಾಯಿ ಒರೆಸಿಕೊಂಡದ್ದಷ್ಟೇ ನೆನಪಿದೆ.

ಆಮೇಲಿನ ಏಳೆಂಟು ತಿಂಗಳು ನಮ್ಮ ಮನೆಯ ಭಾನುವಾರಗಳು ಬಹಳ ಚೆನ್ನಾಗಿದ್ದವು. ಯಾಕೆಂದು ತಿಳಿಯದಿದ್ದರೂ ಅವ್ವ ಕಿವಿಯ ಹತ್ತಿ ತೆಗೆದಳು. ಒಂದು ದಿನ ಅಕ್ಕಿ ಹಸನು ಮಾಡುವ ಮೊರ ಹಿಡಿದುಕೊಂಡು ಪಡಸಾಲೆಯ ಬಾಗಿಲಲ್ಲೇ ಕೂತಳು, ಬೇರೆ ಯಾವುದೋ ಹಾಡು ಮುಗಿಯುವ ತನಕ ಏಳಲಿಲ್ಲ. ಅಪ್ಪ ಅದನ್ನು ವಾರೆಗಣ್ಣಿನಿಂದ ನೋಡಿದರು. "ಉಣ್ಣೆ ತುಂಬಿದ್ದಕ್ಕ ಈಗ ಹದಕ್ಕ ಬಂತು ನೋಡು" ಎಂದರು ನನಗೆ. ಬಳೆಯ ಸಪ್ಪಳ ಮಾತ್ರ ಸಿಗಲಿಲ್ಲ. ರೆಕಾರ್ಡು ಸವೆದಿದೆ ಎಂದು ತೀರ್ಮಾನಿಸಿ ಆ ಹುಡುಕಾಟವನ್ನು ಬಿಟ್ಟರು. ಈಗ ನಿಜವಾಗಿಯೂ ಅದು ನಮಗ್ಯಾರಿಗೂ ಕೇಳಿಸುತ್ತಿರಲಿಲ್ಲ. ಗುಟ್ಟೊಂದನ್ನು ಹೊತ್ತ ಮಗು ಎಷ್ಟು ಬೇಗ ಅದಕ್ಕೆ ಹೊಂದಿಕೊಳ್ಳುತ್ತದೆ ಎಂದು ನೆನೆದರೆ ನನಗೆ ಈಗಲೂ ಸ್ವಲ್ಪ ಭಯವಾಗುತ್ತದೆ. ತಲೆನೋವು ಹೋಗಿತ್ತು, ಮನೆಯಲ್ಲಿ ಜಗಳವಿರಲಿಲ್ಲ. ಗಿರಣಿಯಲ್ಲಿ ಓಡುತ್ತಿರುವ ಯಂತ್ರಗಳ ಯೋಚನೆ ನನಗೆ ಬರಲೇ ಇಲ್ಲ.

ಮುಂಗಾರಿನ ಮುಂಚೆ ಒಂದು ದಿನ, ಭತ್ತವನ್ನು ಮೇಲಕ್ಕೆ ಎತ್ತುವ ಯಂತ್ರ ಬೆಳಗಿನಿಂದ ಕೀರಲು ಶುರುಮಾಡಿತ್ತಂತೆ. ಅಲ್ಲಿದ್ದ ಹಮಾಲರಿಗೆಲ್ಲ ಕೇಳಿಸಿತ್ತು. ಅವರಲ್ಲಿ ಹನುಮಂತ ಎಂಬುವನು ಎರಡು ಸಲ ಬಂದು ಹೇಳಿದ. ಅಪ್ಪ ಸ್ಕ್ರೂಡ್ರೈವರ್‌ ಹಚ್ಚಿ ಕೇಳಿ, "ಏನಾಗಿಲ್ಲ, ಓಡಸ್ರಿ" ಎಂದರು. ಶೇಖರಪ್ಪನವರು ಹೇಳಿದ ಮೇಲೆ ಮತ್ತೆ ಮಾತಿಲ್ಲ. ಮಧ್ಯಾಹ್ನ ಬೇರಿಂಗು ಕಚ್ಚಿಕೊಂಡು ಯಂತ್ರ ತಿರುಗಿಸುವ ಪಟ್ಟಾ ಹರಿಯಿತು. ಹರಿದ ತುದಿ ಬಾರುಕೋಲಿನಂತೆ ಬೀಸಿ ಬಂದು ಹನುಮಂತನ ಭುಜಕ್ಕೆ ಬಡಿಯಿತು. ಎಲುಬು ಮುರಿಯಿತು. ಅಪ್ಪ ಅವನ ಜೊತೆ ಆಸ್ಪತ್ರೆಯಲ್ಲಿದ್ದು ಸಂಜೆ ಮನೆಗೆ ಬಂದವರು ಕೈಕಾಲು ತೊಳೆಯದೆ ಹಾಗೆಯೇ ಕೂತರು. "ಎಲ್ಲಾರಿಗೂ ಕೇಳಿಸೇತಿ" ಎಂದರು ಅವ್ವನಿಗೆ. "ಸಣ್ಣ ಸಣ್ಣ ಹುಡುಗರಿಗೂ ಕೇಳಿಸೇತಿ."

ಮರುವಾರ ಅಪ್ಪ ಅವ್ವನ ಜೊತೆಗೆ ಹೋಗಿ ಹುಬ್ಬಳ್ಳಿಯ ಕಿವಿ ಡಾಕ್ಟರರಿಗೆ ತೋರಿಸಿಕೊಂಡು ಬಂದರು. ಗಿರಣಿಯ ಸದ್ದಿನಲ್ಲಿ ಇಪ್ಪತ್ತು ವರ್ಷ ನಿಂತವರಿಗೆ ಸಣ್ಣ ದನಿಗಳು ಮೊದಲು ಹೋಗುತ್ತವೆ, ಹೋದದ್ದು ಮರಳುವುದಿಲ್ಲ ಎಂದರಂತೆ. ಡಾಕ್ಟರರು ಕೊಟ್ಟ ಕಿವಿ ಪರೀಕ್ಷೆಯ ಕಾಗದವನ್ನು ಅಪ್ಪ ನೆಲದ ಮೇಲೆ ಹರಡಿದರು. ಒಂದು ಗೆರೆ ಸ್ವಲ್ಪ ದೂರ ಸಮನಾಗಿ ಹೋಗಿ, ನಮ್ಮೂರ ಹತ್ತಿರದ ಅಂಜನಾದ್ರಿ ಬೆಟ್ಟದ ಮೆಟ್ಟಿಲುಗಳ ಹಾಗೆ ಒಂದೇ ಸಮನೆ ಕೆಳಗಿಳಿದಿತ್ತು. ಆ ಗೆರೆಯನ್ನು ನೋಡುತ್ತಿದ್ದಂತೆ ನನಗೆ ಅಳು ಬಂತು. ತಡೆಯಲಾರದೆ ತಂತಿಯ ವಿಷಯ ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪ ಎದ್ದು ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿದರು. ಕರಿಯ ಟೇಪು ಸುತ್ತಿದ ತಂತಿ ಉಣ್ಣೆಯ ನಡುವೆ ಜೋತುಬಿದ್ದಿತ್ತು. ಅದನ್ನು ಬೆರಳಿನಲ್ಲಿ ಹಿಡಿದುಕೊಂಡು ನಿಂತರು.

"ನಿಮ್ಮವ್ವಗ ಗೊತ್ತಿತ್ತೇನು?"

"ಇಲ್ಲ."

ಬೈಯುತ್ತಾರೆಂದು ಕಾದೆ. ಅವರು ತಂತಿಯ ಟೇಪನ್ನು ಉಗುರಿನಿಂದ ಕೆದಕುತ್ತ, "ನೀ ಹೇಳಿದ್ದಿ" ಎಂದರು. "ಬಳಿ ಸಪ್ಪಳ ಬಂತು ಅಂತ ನೀ ಮೊದಲ ಹೇಳಿದ್ದಿ. ನಾನ ನಂಬಲಿಲ್ಲ." ಆ ಮಾತಿನಿಂದ ನನಗೆ ಸಮಾಧಾನವಾಗಬೇಕಿತ್ತು. ಆದರೆ ದೀಪಾವಳಿಯ ಆ ಭಾನುವಾರವೇ ನಾನು ಬಾಯಿ ಬಿಟ್ಟಿದ್ದರೆ ಹನುಮಂತನ ಭುಜ ಉಳಿಯುತ್ತಿತ್ತೇ ಎಂಬ ಪ್ರಶ್ನೆ ಇತ್ತಲ್ಲ, ಅದನ್ನು ನಾನು ಯಾರನ್ನೂ ಕೇಳಲಿಲ್ಲ. ಮರುದಿನ ಖಾಜಾಸಾಬ್‌ ತಾವಾಗಿಯೇ ಬಂದು ಪಡಸಾಲೆಯಲ್ಲಿ ನಿಂತೇ ಮಾತಾಡಿದರು. "ತಪ್ಪು ನಂದು. ಹುಡುಗಿದಲ್ಲ. ನಿನಗ ಹೇಳಾಕ ಬಾಯಿ ಬರಲಿಲ್ಲ ನನಗ." ಅಪ್ಪ ಕುರ್ಚಿ ತೋರಿಸಿದರು. ಅವ್ವ ಇಬ್ಬರಿಗೂ ಚಹಾ ತಂದಿಟ್ಟಳು. ಅವರ ಗೆಳೆತನ ಉಳಿಯಿತು, ಆದರೆ ಅದು ಮೊದಲಿನ ಹದಕ್ಕೆ ಬರಲು ವರ್ಷಗಳೇ ಹಿಡಿದವು.

ಗಿರಣಿಯವರು ಅಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ. ಯಂತ್ರಗಳಿಂದ ದೂರ, ಗೋದಾಮಿಗೆ ಹಾಕಿದರು. ಹನುಮಂತ ಮತ್ತೆ ಚೀಲ ಹೊರುವಂತಾಗಲಿಲ್ಲ. ಅವನಿಗೆ ಗೇಟು ಕಾಯುವ ಕೆಲಸ ಕೊಟ್ಟರು. ಇಬ್ಬರೂ ಮಧ್ಯಾಹ್ನ ಒಟ್ಟಿಗೆ ಬುತ್ತಿ ಬಿಚ್ಚುತ್ತಿದ್ದರೆಂದು ಆಮೇಲೆ ಗೊತ್ತಾಯಿತು. ಬೇರೆ ಗಿರಣಿಗಳ ಸ್ಕೂಟರ್‌ ಬರುವುದು ನಿಂತಿತು. ಪೆಟ್ಟಿಗೆಯ ಮೇಲೆ ಅಪ್ಪ ಕೌದಿ ಹೊದಿಸಿದರು. ಭಾನುವಾರ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂದರೂ ಅಪ್ಪ ಏನೂ ಅನ್ನುತ್ತಿರಲಿಲ್ಲ. ಆ ಸ್ವಾತಂತ್ರ್ಯ ನಮಗ್ಯಾರಿಗೂ ಬೇಕಾಗಿರಲಿಲ್ಲ.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅವ್ವ ಹಿಟ್ಟಿನ ಕೈ ತೊಳೆದುಕೊಂಡು ಬಂದು ಕೌದಿ ತೆಗೆದಳು. ಆ ತನಕ ಅವಳು ಆ ಪೆಟ್ಟಿಗೆಯನ್ನು ಮುಟ್ಟಿದವಳಲ್ಲ. ಬಿಡಿಸಿದ್ದ ತಂತಿಯನ್ನು ಸೇರಿಸಲು ನನಗೆ ಹೇಳಿದಳು. ನಾಟಕದ ಹಾಡಿನ ರೆಕಾರ್ಡು ಹಚ್ಚಿ, ತಿರುಪುಗಳನ್ನು ಒಲೆಯ ಉರಿ ನೋಡಿ ಸರಿಮಾಡುವವಳಂತೆ ತಿರುವಿದಳು. ಸಣ್ಣ ದನಿ ಅರ್ಧಕ್ಕಿಳಿಯಿತು, ದಪ್ಪ ದನಿ ಗುಮ್ಮೆಂದು ಏರಿತು.

"ದಪ್ಪ ಭಾಳಾತು" ಎಂದರು ಅಪ್ಪ ಕೂತಲ್ಲಿಂದಲೇ.

"ನನಗ ಹಿಂಗ ಛಲೋ ಅನಸ್ತೈತಿ. ಸುಮ್ಮನ ಕೇಳ್ರಿ" ಎಂದು ಅವ್ವ ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಹಾಡು ಶುರುವಾಯಿತು. ತುಸು ಹೊತ್ತಿಗೆ ಅವಳು, ಅಪ್ಪನಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಹೇಳತೊಡಗಿದಳು. "ಈಗ ತಾಳ ಬಂತು ನೋಡ್ರಿ, ಎಣ್ಣ್ಯಾಗ ಸಾಸಿವಿ ಸಿಡಿದಂಗ. ಈಗ ಆಕಿ ಉಸಿರು ಎಳಕೊಂಡ್ಳು. ಹಾಲು ಉಕ್ಕೋಕಿಂತ ಮೊದಲ ಒಂದು ಸಪ್ಪಳ ಬರ್ತೈತಲ್ಲ, ಹಂಗ. ಈಗ ಬಳಿ ಬಡೀತು."

ಅಪ್ಪ ತಟಕ್ಕನೆ ತಿರುಗಿದರು. "ಟಿಣ್‌ ಅಂತೋ, ಠಣ್‌ ಅಂತೋ?"

"ನನಗೇನ್‌ ಗೊತ್ತ್ರಿ. ಬಳಿ, ಬಳಿ ಅಂದಂಗ ಅಂತು."

ಅಪ್ಪ ನಕ್ಕರು. ಅಪಘಾತದ ನಂತರ ಅವರು ನಕ್ಕದ್ದು ಅದೇ ಮೊದಲು. ಆ ದಿನ ಮುಳ್ಳು ರೆಕಾರ್ಡಿನ ಒಳಗಿನ ಕೊನೆಯ ಗೆರೆಯ ತನಕ ಓಡಿ ತಾನಾಗಿಯೇ ನಿಂತಿತು. ನಮ್ಮ ಮನೆಯಲ್ಲಿ ಆ ಹಾಡಿನ ಕೊನೆಯ ನುಡಿಯನ್ನು ನಾವು ಮೊದಲ ಸಲ ಕೇಳಿದ್ದು ಅಂದು.

ಅಲ್ಲಿಂದ ಮುಂದೆ ಇಪ್ಪತ್ತು ವರ್ಷಕ್ಕೂ ಮೇಲೆ ಅವರು ಹಾಗೆಯೇ ಕೇಳಿದರು. ನಾನು ಓದಿದ್ದು, ಮದುವೆಯಾದದ್ದು, ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಮನೆ ಮಾಡಿದ್ದು ಎಲ್ಲವೂ ಆ ಭಾನುವಾರಗಳ ಆಚೆ ಈಚೆ ನಡೆದುಹೋಯಿತು. ಬೇಸರವಾದ ದಿನ ಅವ್ವ ಹಾಡಿನಲ್ಲಿ ಇಲ್ಲದ ಕೊಳಲನ್ನೂ ಹೇಳುತ್ತಿದ್ದಳು. ನನಗೆ ಗೊತ್ತಾಗುತ್ತಿತ್ತು, ಅಪ್ಪನಿಗೂ ಗೊತ್ತಾಗುತ್ತಿತ್ತೆಂದೇ ನನ್ನ ಅನುಮಾನ. ಒಂದು ಕಾಲಕ್ಕೆ ಒಂದು ಗೆರೆ ಧೂಳನ್ನೂ ಸಹಿಸದಿದ್ದ ಮನುಷ್ಯ ಆ ಕೊಳಲಿಗೆ ತಲೆದೂಗಿ ಕೂತಿರುತ್ತಿದ್ದರು. ಅವ್ವ ಒಂದು ವಾರದ ಜ್ವರದಲ್ಲಿ ತೀರಿಕೊಂಡಳು. ಮನೆ ಮಾರಿದೆವು. ಅಪ್ಪ ಪೆಟ್ಟಿಗೆಯ ಸಮೇತ ಭಾಗ್ಯನಗರಕ್ಕೆ ನಮ್ಮಲ್ಲಿಗೆ ಬಂದರು. ನಾನು ಒಳ್ಳೆಯ ಕಿವಿಯ ಯಂತ್ರ ಕೊಡಿಸಿದೆ. ಮಾತಿಗೆ ಹಾಕಿಕೊಳ್ಳುತ್ತಿದ್ದರು, ಹಾಡಿಗೆ ಕೂತಾಗ ತೆಗೆದು ಜೇಬಿಗಿಡುತ್ತಿದ್ದರು. "ಇದರಾಗ ಎಲ್ಲಾ ಕೇಳಸ್ತೈತಿ, ಹಾಡೊಂದ ಬಿಟ್ಟು" ಎನ್ನುತ್ತಿದ್ದರು.

ಅವರ ಕೊನೆಯ ಚಳಿಗಾಲ ಅದು. ಬೆಳಗಿನ ಬಿಸಿಲು ಕೋಣೆಯೊಳಗೆ ಅರ್ಧದ ತನಕ ಬಂದಿತ್ತು. ಅಪ್ಪ ಕುರ್ಚಿಯನ್ನು ಪೆಟ್ಟಿಗೆಯ ಹತ್ತಿರ ಎಳೆದುಕೊಂಡು, ಹಲಗೆಯ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದ್ದರು. ಆ ಹೊತ್ತಿಗೆ ದಪ್ಪ ದನಿಯೂ ಅವರಿಗೆ ಕೈಗೆ ತಾಗಿದಷ್ಟೇ. ನಾನು ಪಕ್ಕದಲ್ಲಿ ಕೂತು ಅವರ ಕಿವಿಯ ಹತ್ತಿರ ಬಾಯಿಟ್ಟು ಗಟ್ಟಿಯಾಗಿ ಹೇಳತೊಡಗಿದೆ. ಈಗ ತಬಲಾ ಅಪ್ಪಾ, ಈಗ ಪೇಟಿ, ಈಗ ಎರಡನೇ ನುಡಿ. ಎಲ್ಲವೂ ಸರಿಯಾಗಿತ್ತು, ಒಂದೂ ಹೆಚ್ಚಲ್ಲ, ಒಂದೂ ಕಡಿಮೆಯಲ್ಲ. ಸ್ವಲ್ಪ ಹೊತ್ತಿಗೆ ಅವರು, "ನಿಮ್ಮವ್ವ ಹೇಳಿದಂಗ ಆಗವಲ್ದು ಬಿಡು" ಎಂದರು. ನಾನು ಸುಮ್ಮನಾದೆ. ಅವರು ಕಣ್ಣು ತೆರೆಯದೆಯೇ ಇನ್ನೊಂದು ಕೈಯಿಂದ ನನ್ನ ಮೊಣಕೈ ಹುಡುಕಿ ಮುಟ್ಟಿದರು.

"ಯಾಕ ನಿಂತಿ? ಹೇಳು."

ಹೇಳಿದೆ. ಹಾಡು ಮುಗಿಯಿತು. ಅವರು ಕಣ್ಣು ತೆರೆಯಲಿಲ್ಲ, ಹಲಗೆಯ ಮೇಲಿನ ಕೈಯನ್ನೂ ತೆಗೆಯಲಿಲ್ಲ, ಬೆರಳು ಮಾತ್ರ ತಾಳ ಹಾಕುತ್ತಿತ್ತು. ನಾನು ಇನ್ನೂ ಸ್ವಲ್ಪ ಹೊತ್ತು, ಹಾಡಿನಲ್ಲಿಲ್ಲದ ಕೊಳಲನ್ನು, ಹೇಳುತ್ತಲೇ ಇದ್ದೆ.